ಹಂಡೆಯ ಸುಣ್ಣ, ನಾಳದ ಸುಣ್ಣ

ಗಡಸು ನೀರಿನ ಊರುಗಳಲ್ಲಿ ಸಂಸಾರ ಮಾಡಿದ ಹೆಂಗಸರಿಗೆ ಹಂಡೆಯೊಳಗೆ ಕಟ್ಟುವ ಸುಣ್ಣದ ವಿಚಾರ ಹೇಳಿಕೊಡಬೇಕಾದ್ದೇನೂ ಇಲ್ಲ. ಬೋರ್‌ವೆಲ್ ನೀರನ್ನು ದಿನವೂ ಕಾಯಿಸುತ್ತ ಹೋದರೆ ಹಂಡೆಯ ಒಳಮೈಗೆ ಬಿಳಿಯ ಪೊರೆ ಹಿಡಿಯುತ್ತದೆ. ಪೊರೆ ದಪ್ಪವಾಗಿ ಹಕ್ಕಳೆಯಾಗುತ್ತದೆ. ಕೊನೆಗೊಂದು ದಿನ ನೀರು ಕಾಯುವುದೇ ತಡವಾಗುತ್ತದೆ. ಆಗ ಹಂಡೆಯನ್ನು ಬೋರಲು ಹಾಕಿ ತಟ್ಟಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಮನುಷ್ಯನ ಹೃದಯದ ರಕ್ತನಾಳಗಳಲ್ಲೂ ಸುಣ್ಣ ಕಟ್ಟುತ್ತದೆ ಎಂದು ಕೇಳಿದಾಗ ನಮ್ಮ ಕಣ್ಣ ಮುಂದೆ ಬರುವುದು ಈ ಹಂಡೆಯೇ. ಆಶ್ಚರ್ಯವೆಂದರೆ ದೊಡ್ಡ ದೊಡ್ಡ ವೈದ್ಯರೂ ಬಹುಕಾಲ ಸರಿಸುಮಾರು ಹೀಗೆಯೇ ತಿಳಿದಿದ್ದರು. ಅದು ಹಾಗಲ್ಲವೆಂದು ಗೊತ್ತಾಗುವುದಕ್ಕೆ ಕಿಡ್ನಿ ಕೆಟ್ಟು, ಯಂತ್ರದ ಆಸರೆಯಲ್ಲಿ ಬದುಕಿದ ಸಾವಿರಾರು ಜನರ ರಕ್ತ ಮಾತನಾಡಬೇಕಾಯಿತು.

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಚರಿತ್ರೆ ಎಂದರೆ ರಾಜರ ಪಟ್ಟಿ, ಕದನಗಳ ಇಸವಿ ಎಂದು ಮಕ್ಕಳು ತಿಳಿದಿರುತ್ತಾರೆ. ಔಷಧಿಗೂ, ಯಂತ್ರಕ್ಕೂ, ಒಂದು ರಕ್ತಪರೀಕ್ಷೆಯ ಚೀಟಿಗೂ ಚರಿತ್ರೆ ಇದೆ ಎಂದು ನನಗೆ ಮನಸ್ಸಿಗೆ ನಾಟಿದ್ದು ನಮ್ಮ ಅತ್ತಿಗೆಗೆ, ಎಂದರೆ ನನ್ನ ಅಣ್ಣನ ಹೆಂಡತಿಗೆ, ಡಯಾಲಿಸಿಸ್ ಶುರುವಾದ ಮೇಲೆ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷ ಒಳಗೊಳಗೇ ಕಿಡ್ನಿಗಳನ್ನು ತಿಂದಿತ್ತು. ತಿಂಗಳಿಗೊಮ್ಮೆ ಬರುವ ರಕ್ತಪರೀಕ್ಷೆಯ ಚೀಟಿಯನ್ನು ಅವರು ನನ್ನ ಕೈಗೇ ಕೊಡುತ್ತಿದ್ದರು. "ಏನಮ್ಮ ಟೀಚರಮ್ಮ, ಈ ಸಲ ನಾನು ಪಾಸೋ ಫೇಲೋ?" ಎಂದು ನಗುತ್ತಿದ್ದರು. ಯೂರಿಯಾ, ಕ್ರಿಯಾಟಿನಿನ್ ಎಂಬ ಹೆಸರುಗಳು ಹೇಗೋ ಕಿವಿಗೆ ಬಿದ್ದಿದ್ದವು. ಅವುಗಳ ಕೆಳಗಿದ್ದ ಕ್ಯಾಲ್ಸಿಯಂ, ರಂಜಕ, ಆಲ್ಬುಮಿನ್, ಪಿ.ಟಿ.ಎಚ್. ಎಂಬ ಸಾಲುಗಳಿಗೂ ಹೃದಯಕ್ಕೂ ಏನು ಸಂಬಂಧ ಎಂದು ತಿಳಿಯಲು ಹೊರಟವಳಿಗೆ ಸಿಕ್ಕಿದ ಕಥೆ ಇದು.

'ಡಯಾಲಿಸಿಸ್' ಎಂಬ ಮಾತು ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. 1861ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ, ಚರ್ಮದಂಥ ಕಾಗದದ ತೆಳುಪೊರೆಯ ಮೂಲಕ ಸಣ್ಣ ಕಣಗಳು ಹಾದುಹೋಗುತ್ತವೆ, ದೊಡ್ಡವು ಉಳಿಯುತ್ತವೆ ಎಂದು ತೋರಿಸಿ ಆ ಕ್ರಿಯೆಗೆ ಇಟ್ಟ ಹೆಸರು ಅದು. ನಾವು ಹಿಟ್ಟನ್ನು ಜರಡಿ ಹಿಡಿಯುತ್ತೇವಲ್ಲ, ಆ ಲೆಕ್ಕ. ಅದನ್ನು ಜೀವಂತ ರಕ್ತಕ್ಕೆ ಹೊಂದಿಸಲು ಅರ್ಧ ಶತಮಾನ ಬೇಕಾಯಿತು. 1913ರಲ್ಲಿ ಅಮೆರಿಕದ ಜಾನ್ ಏಬಲ್ ಮತ್ತು ಸಂಗಡಿಗರು ನಾಯಿಗಳ ರಕ್ತವನ್ನು ತೆಳುವಾದ ಕೊಳವೆಗಳಲ್ಲಿ ಹರಿಸಿ ಸೋಸಿದರು. ರಕ್ತ ಹೆಪ್ಪುಗಟ್ಟದಿರಲು ಅವರು ಬಳಸಿದ್ದು ಜಿಗಣೆಯಿಂದ ತೆಗೆದ ರಸ! 1924ರಲ್ಲಿ ಜರ್ಮನಿಯ ಗೀಸೆನ್ ಊರಿನ ಗೇಯೋರ್ಗ್ ಹಾಸ್ ಮೊತ್ತಮೊದಲು ಮನುಷ್ಯನ ಮೇಲೆ ಇದನ್ನು ಪ್ರಯೋಗಿಸಿದರು. ಆ ಸಲ ರಕ್ತ ಸೋಸಿದ್ದು ಒಂದು ಕಾಲು ಗಂಟೆ ಅಷ್ಟೇ.

ಮುಂದಿನ ಹೆಜ್ಜೆ ಇಟ್ಟವರು ಹಾಲೆಂಡಿನ ವಿಲೆಮ್ ಕೋಲ್ಫ್. 1938ರಲ್ಲಿ, ಇನ್ನೂ ಎಳೆಯ ಡಾಕ್ಟರಾಗಿದ್ದಾಗ, ಕಿಡ್ನಿ ಸೋತ 22 ವರ್ಷದ ಹುಡುಗನೊಬ್ಬ ಅವರ ಕಣ್ಣೆದುರೇ ಸತ್ತ. ಕಪ್ಪು ಉಡುಪಿನಲ್ಲಿ ಬಂದಿದ್ದ ಬಡ ರೈತ ತಾಯಿಗೆ, ನಿನ್ನ ಒಬ್ಬನೇ ಮಗ ಉಳಿಯುವುದಿಲ್ಲ ಎಂದು ತಾನು ಹೇಳಬೇಕಾಗಿ ಬಂದ ಗಳಿಗೆಯನ್ನು ಕೋಲ್ಫ್ ಮುಪ್ಪಿನಲ್ಲೂ ನೆನೆಯುತ್ತಿದ್ದರಂತೆ. ಎರಡು ವರ್ಷದಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದರು. ನಾಜಿಗಳು ನೇಮಿಸಿದ ಮುಖ್ಯಸ್ಥನ ಕೈಕೆಳಗೆ ದುಡಿಯಲೊಲ್ಲದೆ ಕೋಲ್ಫ್ ಕ್ಯಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಬಂದರು. ಯುದ್ಧಕಾಲ, ಒಂದೊಂದು ಸಾಮಾನಿಗೂ ತತ್ವಾರ. ಮಾಂಸದ ಸಾಸೇಜು ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಪೀಪಾಯಿಗೆ ಸುತ್ತಿ, ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯವರ ನೆರವಿನಿಂದ ತೊಟ್ಟಿ ಮಾಡಿಸಿ, ಉಪ್ಪುನೀರಿನಲ್ಲಿ ಆ ಪೀಪಾಯಿ ತಿರುಗುವಂತೆ ಮಾಡಿದರು. 1943ರ ಮಾರ್ಚಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ಒಬ್ಬರ ಹಿಂದೆ ಒಬ್ಬರಂತೆ ರೋಗಿಗಳು ತೀರಿಕೊಂಡರು. ಕೊನೆಗೆ 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಹೆಂಗಸೊಬ್ಬಳು ಆ ಯಂತ್ರದಿಂದ ಕಣ್ಣು ತೆರೆದಳು. ಅವಳು ನಾಜಿಗಳ ಪರ ಇದ್ದವಳೆಂದು ಯುದ್ಧ ಮುಗಿದ ಮೇಲೆ ಸೆರೆಯಲ್ಲಿದ್ದ ಕೈದಿ. ಕೋಲ್ಫ್ ಅದನ್ನು ಲೆಕ್ಕಕ್ಕಿಡಲಿಲ್ಲ. ವೈದ್ಯನ ಧರ್ಮ ಎಂದರೆ ಇದೇ ಇರಬೇಕು ಎನ್ನಿಸುತ್ತದೆ.

ಆದರೆ ಇದು ತಾತ್ಕಾಲಿಕವಾಗಿ ಕೆಟ್ಟ ಕಿಡ್ನಿಗೆ ಆಸರೆ ಅಷ್ಟೇ ಆಗಿತ್ತು. ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕತ್ತರಿಸಿ ಕೊಳವೆ ಜೋಡಿಸಬೇಕು. ಕೈಕಾಲುಗಳಲ್ಲಿ ಕತ್ತರಿಸಲು ಎಷ್ಟು ನಾಳಗಳಿವೆ ಹೇಳಿ? ಕಿಡ್ನಿ ಪೂರ್ತಿ ಹೋದವರಿಗೆ ಬಾಗಿಲು ಮುಚ್ಚಿಯೇ ಇತ್ತು. ಆ ಬಾಗಿಲು ತೆರೆದದ್ದು ಅಮೆರಿಕದ ಸಿಯಾಟಲ್ ನಗರದಲ್ಲಿ, 1960ರಲ್ಲಿ. ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಟೆಫ್ಲಾನ್ ಕೊಳವೆಯೊಂದನ್ನು ಮುಂಗೈಯ ಅಪಧಮನಿಗೂ ಅಭಿಧಮನಿಗೂ ನಡುವೆ ಕಾಯಂ ಆಗಿ ಜೋಡಿಸಿಬಿಟ್ಟರು. ನಮ್ಮ ದೋಸೆ ತವಾಕ್ಕೆ ಹಿಟ್ಟು ಅಂಟದಿರಲಿ ಎಂದು ಬಳಿದಿರುತ್ತಾರಲ್ಲ, ಅದೇ ಟೆಫ್ಲಾನ್. ಅದಕ್ಕೆ ರಕ್ತವೂ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಬೇಕಾದಾಗ ಬಿಚ್ಚಿ ಯಂತ್ರಕ್ಕೆ ಹಾಕುವುದು, ಆಮೇಲೆ ಮತ್ತೆ ಜೋಡಿಸುವುದು. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಚಿಮಿನೊ ಮತ್ತು ಸಂಗಡಿಗರು ಕೊಳವೆಯನ್ನೂ ಬಿಟ್ಟು, ದೇಹದ ಎರಡು ನಾಳಗಳನ್ನೇ ಹೊಲಿದು ಕೂಡಿಸುವ 'ಫಿಸ್ಟುಲಾ' ವಿಧಾನ ಪ್ರಕಟಿಸಿದರು. ನಮ್ಮ ಅತ್ತಿಗೆಯ ಎಡಗೈ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಒಂದು ಅದುರು ತಿಳಿಯುತ್ತದೆ. ಅದೇ ಈ ಫಿಸ್ಟುಲಾ.

ಸಿಯಾಟಲ್‌ನ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್. 39 ವರ್ಷದ, ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದ ಮನುಷ್ಯ. 1960ರ ಮಾರ್ಚ್ 9ರಂದು ಅವರಿಗೆ ಕೊಳವೆ ಜೋಡಿಸಿದರು. ವಾರಗಳಲ್ಲಿ ಸಾಯಬೇಕಾಗಿದ್ದವರು ಹನ್ನೊಂದು ವರ್ಷ ಬದುಕಿದರು. 1971ರಲ್ಲಿ ಅವರು ತೀರಿಕೊಂಡದ್ದು ಕಿಡ್ನಿಯಿಂದಲ್ಲ, ಹೃದಯಾಘಾತದಿಂದ. ನಾನು ಹೇಳಹೊರಟ ಚರಿತ್ರೆಯೆಲ್ಲ ಈ ಒಂದು ಮರಣದೊಳಗೆ ಅಡಗಿದೆ.

ಅದಕ್ಕೆ ಬರುವ ಮೊದಲು ಹೆಂಗಸರು ಕೇಳಲೇಬೇಕಾದ ಸಂಗತಿ ಒಂದಿದೆ. ಯಂತ್ರಗಳು ಕೆಲವೇ, ರೋಗಿಗಳು ನೂರಾರು. 1962ರಲ್ಲಿ ತೆರೆದ ಸಿಯಾಟಲ್ ಕೇಂದ್ರದಲ್ಲಿ ಯಾರಿಗೆ ಚಿಕಿತ್ಸೆ ಎಂದು ನಿರ್ಧರಿಸಲು ಏಳು ಜನರ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವರು, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರಚಿಕಿತ್ಸಕ, ಒಬ್ಬಳು ಗೃಹಿಣಿ. ರೋಗಿಯ ಸಂಪಾದನೆ, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾರೋ ಇಲ್ಲವೋ ಎಂಬುದೂ ಅವರ ಮುಂದೆ ಬರುತ್ತಿತ್ತು. ಆ ವರ್ಷ 'ಲೈಫ್' ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಎಂಬ ಪತ್ರಕರ್ತೆ ಇದನ್ನು ಬರೆದಾಗ ದೇಶವೇ ಬೆಚ್ಚಿತು. ಎರಡು ವರ್ಷದ ನಂತರ ಹೈಸ್ಕೂಲು ಹುಡುಗಿಯೊಬ್ಬಳಿಗೆ ವಯಸ್ಸು ಸಾಲದೆಂದು ಜಾಗ ಸಿಗಲಿಲ್ಲ. ಆಗ ಎಂಜಿನಿಯರುಗಳು ಕೆಲವೇ ತಿಂಗಳಲ್ಲಿ ಮನೆಯಲ್ಲಿಡಬಹುದಾದ ಯಂತ್ರ ಮಾಡಿಕೊಟ್ಟರು. ಅದನ್ನು ಮನೆಯಲ್ಲಿ ನಡೆಸಲು ಕಲಿತವಳು ಹುಡುಗಿಯ ತಾಯಿ. 1972ರಲ್ಲಿ ಅಮೆರಿಕ ಸರ್ಕಾರ ಈ ಚಿಕಿತ್ಸೆಯ ಖರ್ಚನ್ನು ವಹಿಸಿಕೊಳ್ಳುವ ಕಾನೂನು ಮಾಡಿತು. ನಮ್ಮಲ್ಲಿ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಗಿ, ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ದಾರಿಯಾಯಿತು.

ಈಗ ಹೃದಯದ ವಿಚಾರ. ಸ್ಕ್ರಿಬ್ನರ್ ತಂಡದವರು ತಮ್ಮ ರೋಗಿಗಳನ್ನು ಹದಿಮೂರು ವರ್ಷ ಹಿಂಬಾಲಿಸಿದರು. 1974ರಲ್ಲಿ ಲಿಂಡ್ನರ್ ಮತ್ತು ಅವರು ಸೇರಿ ಪ್ರಕಟಿಸಿದ ವರದಿಯಲ್ಲಿದ್ದವರು 39 ಜನ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂಡೊಯ್ದದ್ದು ರಕ್ತನಾಳಗಳು ಗಡುಸಾಗಿ ಬಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದುವು. ಈ ಜನರಲ್ಲಿ ನಾಳಗಳು ವಯಸ್ಸಿಗೆ ಮೀರಿದ ವೇಗದಲ್ಲಿ ಮುಪ್ಪಾಗುತ್ತಿವೆ ಎಂದು ಅವರು ಬರೆದರು. ಬಾಗಿಲಲ್ಲಿ ನಿಂತಿದ್ದ ಸಾವನ್ನು ಯಂತ್ರ ಅಟ್ಟಿತ್ತು ನಿಜ. ಅದು ಹಿತ್ತಲಿನಿಂದ ಸುತ್ತಿ ಬಂದಿತ್ತು.

ಹೀಗೇಕೆ? ಮೇಷ್ಟ್ರ ಲೆಕ್ಕವೊಂದನ್ನು ಮಾಡಿ ನೋಡೋಣ. ವಾರಕ್ಕೆ 168 ಗಂಟೆ. ನಮ್ಮ ಕಿಡ್ನಿ ಅಷ್ಟೂ ಹೊತ್ತು ಬಿಡುವಿಲ್ಲದೆ ದುಡಿಯುತ್ತದೆ. ಯಂತ್ರದ ಪಾಲಿಗೆ ಬರುವುದು ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ, ಒಟ್ಟು 12 ಗಂಟೆ. ಯೂರಿಯಾ ಸಣ್ಣ ಕಣ, ಬೇಗ ಹೊರಗೆ ಹೋಗುತ್ತದೆ. ರಂಜಕ ಹಾಗಲ್ಲ. ಅದರ ಬಹುಪಾಲು ಮೂಳೆಗಳಲ್ಲಿ, ಜೀವಕೋಶಗಳ ಒಳಗೆ ಕುಳಿತಿರುತ್ತದೆ. ಯಂತ್ರ ರಕ್ತದಲ್ಲಿದ್ದದ್ದನ್ನು ತೆಗೆದರೆ, ನಿಲ್ಲಿಸಿದ ಮೇಲೆ ಒಳಗಿನಿಂದ ಮತ್ತೆ ಊರಿಕೊಳ್ಳುತ್ತದೆ. ಬೇಸಿಗೆಯ ಬಾವಿಯನ್ನು ಎಷ್ಟು ತೋಡಿದರೂ ಬೆಳಗಾಗುವುದರೊಳಗೆ ನೀರು ಒಸರುವ ಹಾಗೆ.

ಅದರ ಜೊತೆಗೆ ಇನ್ನೊಂದು ಉಪದ್ರವ. ಬಿಸಿಲಿನಿಂದ, ಊಟದಿಂದ ಬಂದ ಡಿ ಜೀವಸತ್ವವನ್ನು ದೇಹಕ್ಕೆ ಒದಗುವ ರೂಪಕ್ಕೆ ತಿರುಗಿಸುವುದು ಮುಖ್ಯವಾಗಿ ಕಿಡ್ನಿಯೇ. ಕಿಡ್ನಿ ಸೋತರೆ ಅದು ಕಡಿಮೆಯಾಗಿ, ಊಟದ ಕ್ಯಾಲ್ಸಿಯಂ ಸರಿಯಾಗಿ ಒಳಗೆ ಹೋಗುವುದಿಲ್ಲ. ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಬೇಳೆಕಾಳಿನಷ್ಟು ಚಿಕ್ಕ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ರಂಜಕ ಏರಿದ್ದನ್ನು ಕಂಡು ಅವು ಗಾಬರಿಯಾಗುತ್ತವೆ. ಅವು ಸುರಿಸುವ ರಸವೇ ಚೀಟಿಯಲ್ಲಿ ಬರುವ ಪಿ.ಟಿ.ಎಚ್. ಅದು ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ, ರಂಜಕ ಎರಡನ್ನೂ ರಕ್ತಕ್ಕೆ ತರುತ್ತದೆ. ಹೀಗೆ ಮೂಳೆ ಸೊರಗುತ್ತದೆ, ನಾಳ ಗಟ್ಟಿಯಾಗುತ್ತದೆ. ಮನೆಯ ಕಣಜದಿಂದ ಕದ್ದು ಹಿತ್ತಲಲ್ಲಿ ಸುರಿದ ಹಾಗೆ ಎನ್ನೋಣ. 1855ರಷ್ಟು ಹಿಂದೆಯೇ ಜರ್ಮನಿಯ ರುಡಾಲ್ಫ್ ವಿರ್ಶೋ, ಮೂಳೆಯಿಂದ ಹೊರಟ ಸುಣ್ಣ ಬೇರೆ ಅಂಗಗಳಲ್ಲಿ ಹೋಗಿ ಕೂರುವುದನ್ನು ಶವಪರೀಕ್ಷೆಯಲ್ಲಿ ಕಂಡು ಬರೆದಿದ್ದರು. 1903ರಲ್ಲಿ ಮಂಕೆಬೆರ್ಗ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯರು ಅಪಧಮನಿಯ ನಡುಪದರದಲ್ಲಿ ಕೂರುವ ಸುಣ್ಣವನ್ನು ವಿವರಿಸಿದರು. ಆಗೆಲ್ಲ ಇದು ವಯಸ್ಸಿನ ಸವೆತ, ಹಂಡೆಗೆ ಸುಣ್ಣ ಕಟ್ಟಿದ ಹಾಗೆ ತಾನಾಗಿ ಆಗುವುದು ಎಂದೇ ನಂಬಿಕೆ.

ಜೀವಂತ ಮನುಷ್ಯನ ಹೃದಯದ ನಾಳದಲ್ಲಿ ಸುಣ್ಣ ಎಷ್ಟಿದೆ ಎಂದು ಅಳೆಯುವ ಕ್ರಮ ಬಂದದ್ದು 1990ರಲ್ಲಿ. ಅಮೆರಿಕದ ಆರ್ಥರ್ ಅಗಾಟ್ಸ್ಟನ್ ಮತ್ತು ಸಂಗಡಿಗರು ಬಡಿಯುತ್ತಿರುವ ಹೃದಯವನ್ನು ವೇಗದ ಸಿ.ಟಿ. ಯಂತ್ರದಲ್ಲಿ ಚಿತ್ರ ತೆಗೆದು, ಬಿಳಿಯ ಕಲೆಗಳಿಗೆ ಅಂಕ ಕೊಟ್ಟರು. ಸೊನ್ನೆ ಬಂದರೆ ಸುಣ್ಣ ಇಲ್ಲ. 400 ದಾಟಿದರೆ ಬಹಳ ಇದೆ. ಶಾಲೆಯಲ್ಲಿ ಅಂಕ ಹೆಚ್ಚಿದಷ್ಟೂ ಸಂತೋಷ, ಇಲ್ಲಿ ಸೊನ್ನೆಯೇ ರ್‍ಯಾಂಕು! ಈ ಅಳತೆಗೋಲು ಡಯಾಲಿಸಿಸ್ ರೋಗಿಗಳ ಕಡೆ ತಿರುಗಿದಾಗ ನೋಡಿದವರು ದಂಗಾದರು. 2000ದಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಗುಡ್‌ಮನ್ ತಂಡದವರು ಏಳರಿಂದ ಮೂವತ್ತು ವರ್ಷದೊಳಗಿನ ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದರು. ಕಾಕತಾಳೀಯವಾಗಿ ಇಲ್ಲೂ 39 ಮಂದಿಯೇ. ಇಪ್ಪತ್ತು ತುಂಬದ 23 ಜನರಲ್ಲಿ ಒಬ್ಬರಿಗೂ ಸುಣ್ಣ ಇರಲಿಲ್ಲ. ಇಪ್ಪತ್ತರಿಂದ ಮೂವತ್ತರ 16 ಜನರಲ್ಲಿ 14 ಜನರಿಗೆ ಇತ್ತು. ಇಪ್ಪತ್ತೈದು ವರ್ಷದ ಹುಡುಗಿಯ ಎದೆಯಲ್ಲಿ ಎಪ್ಪತ್ತರ ಮುದುಕಿಯ ನಾಳ ಇದ್ದರೆ ಹೇಗಿರುತ್ತದೆ ಯೋಚಿಸಿ. ಇವರು ಮುದುಕರೂ ಅಲ್ಲ, ಬೆಣ್ಣೆ ತುಪ್ಪ ತಿಂದು ಬೆಳೆದ ದಢೂತಿ ಜನರೂ ಅಲ್ಲ. ಹಾಗಾದರೆ ಕಾರಣ ರಕ್ತದಲ್ಲೇ ಇರಬೇಕು.

ಅದೇ ವರ್ಷ, ಕ್ಲೈಡ್ ಶೀಲ್ಡ್ಸ್ ಬದುಕಿ ಸತ್ತ ಅದೇ ಸಿಯಾಟಲ್‌ನಲ್ಲಿ, ಸಿಸಿಲಿಯಾ ಜಿಯಾಕೆಲ್ಲಿ ಎಂಬ ಮಹಿಳಾ ವಿಜ್ಞಾನಿಯ ತಂಡ ಒಂದು ಪ್ರಯೋಗ ಪ್ರಕಟಿಸಿತು. ಅಪಧಮನಿಯ ಗೋಡೆಯಲ್ಲಿರುವ ಸ್ನಾಯುಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಡಯಾಲಿಸಿಸ್ ರೋಗಿಗಳಲ್ಲಿ ಇರುವಂಥ ಹೆಚ್ಚಿನ ರಂಜಕದಲ್ಲಿ ಇಟ್ಟರು. ಆ ಕೋಶಗಳು ಸುಮ್ಮನೆ ಸುಣ್ಣ ಬಳಿಸಿಕೊಂಡು ಕೂರಲಿಲ್ಲ. ರಂಜಕವನ್ನು ಒಳಗೆಳೆದುಕೊಂಡು ಸ್ನಾಯುವಿನ ಗುಣ ಬಿಟ್ಟವು, ಮೂಳೆ ಕಟ್ಟುವ ಕೋಶಗಳ ಹಾಗೆ ನಡೆದುಕೊಳ್ಳತೊಡಗಿದವು! ಇಲ್ಲಿಗೆ ನಮ್ಮ ಹಂಡೆಯ ಹೋಲಿಕೆ ಮುರಿದುಬೀಳುತ್ತದೆ. ಹಂಡೆಗೆ ಜೀವವಿಲ್ಲ, ಸುಣ್ಣ ಬಂದು ಅಂಟುತ್ತದೆ. ನಾಳದ ಗೋಡೆ ತಾನೇ ಮೂಳೆಯಾಗಲು ಹೊರಡುತ್ತದೆ. ಹಂಡೆಯ ಸುಣ್ಣವನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆದ ಹಾಗೆ ಇದನ್ನು ತೆಗೆಯಲಾಗದಿರುವುದಕ್ಕೆ ಕಾರಣವೂ ಇದೇ.

ಹಾಗಾದರೆ ನಮ್ಮ ನಿಮ್ಮ ನಾಳಗಳೆಲ್ಲ ಏಕೆ ಮೂಳೆಯಾಗುವುದಿಲ್ಲ? ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ ಎಲ್ಲರಿಗೂ ಇದೆಯಲ್ಲ? ಇದಕ್ಕೆ ಉತ್ತರ, ಒಳಗೆ ಕಾವಲುಗಾರರಿದ್ದಾರೆ. ಒಬ್ಬ ಕಾವಲುಗಾರನ ಹೆಸರು ಮ್ಯಾಟ್ರಿಕ್ಸ್ ಜಿ.ಎಲ್.ಎ. ಪ್ರೋಟೀನ್. 1997ರಲ್ಲಿ ಈ ಪ್ರೋಟೀನ್ ಇಲ್ಲದಂತೆ ಮಾಡಿದ ಇಲಿಗಳ ಅಪಧಮನಿಗಳು ಸುಣ್ಣಗಟ್ಟಿ, ಎರಡು ತಿಂಗಳೊಳಗೆ ಒಡೆದು ಅವು ಸತ್ತವು. ಇನ್ನೊಬ್ಬ ಕಾವಲುಗಾರ ಫೆಟುಯಿನ್. ಇದನ್ನು 1944ರಲ್ಲಿ ಪೆಡರ್ಸನ್ ಎಂಬ ವಿಜ್ಞಾನಿ ಹಸುವಿನ ಗರ್ಭದ ಕರುವಿನ ರಕ್ತದಲ್ಲಿ ಕಂಡುಹಿಡಿದರು. ಲಿವರಿನಲ್ಲಿ ತಯಾರಾಗುವ ಇದು ಕ್ಯಾಲ್ಸಿಯಂ ಮತ್ತು ರಂಜಕ ಕೂಡಿಕೊಂಡ ಅತಿ ಸಣ್ಣ ಹರಳುಗಳನ್ನು ಸುತ್ತುವರಿದು, ಎಲ್ಲೂ ಕೂರದಂತೆ ಸಾಗಿಸುತ್ತದೆ. 2003ರಲ್ಲಿ ಜರ್ಮನಿಯ ಮಾರ್ಕುಸ್ ಕೆಟೆಲರ್ ತಂಡದವರು 312 ಡಯಾಲಿಸಿಸ್ ರೋಗಿಗಳ ರಕ್ತ ನೋಡಿದರು. ಫೆಟುಯಿನ್ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು. ಮೈಯಲ್ಲಿ ಒಳಉರಿ, ಎಂದರೆ ಉರಿಯೂತ, ಇದ್ದರೆ ಈ ಕಾವಲುಗಾರ ಕುಗ್ಗುತ್ತಾನೆ. ಉರಿಯೂತವನ್ನು ತೋರಿಸುವ ಗುರುತು ಸಿ.ಆರ್.ಪಿ.

ಹೀಗೆ ರಕ್ತದ ಗುರುತುಗಳ ಪಟ್ಟಿ ಬೆಳೆಯುತ್ತ ಹೋಯಿತು. 1998ರಲ್ಲಿ ಜೆಫ್ರಿ ಬ್ಲಾಕ್ ಮತ್ತು ಸಂಗಡಿಗರು ಆರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ, ರಂಜಕ ಒಂದು ಡೆಸಿಲೀಟರಿಗೆ 6.5 ಮಿಲಿಗ್ರಾಂ ದಾಟಿದವರಲ್ಲಿ ಸಾವು ಹೆಚ್ಚು ಎಂದರು. ಆರೋಗ್ಯವಂತರಲ್ಲಿ ಇದು ಹೆಚ್ಚುಕಡಿಮೆ 2.5ರಿಂದ 4.5. ಮೂಳೆಯಿಂದ ಹೊರಡುವ ಎಫ್.ಜಿ.ಎಫ್.-23 ಎಂಬ ಹಾರ್ಮೋನು ಕಿಡ್ನಿಗೆ ರಂಜಕ ಹೊರಹಾಕು ಎಂದು ಆಜ್ಞೆ ಕೊಡುವಂಥದು. ಕಿಡ್ನಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲದಾಗ ಅದು ಕೂಗುತ್ತಲೇ ಹೋಗಿ ನೂರಾರು ಪಟ್ಟು ಏರುವುದುಂಟು. ಡಯಾಲಿಸಿಸ್ ಶುರುವಾಗುವಾಗ ಇದು ಹೆಚ್ಚಿದ್ದವರು ಮೊದಲ ವರ್ಷದಲ್ಲಿ ಹೆಚ್ಚು ಸಾಯುತ್ತಾರೆ ಎಂದು 2008ರಲ್ಲಿ ವರದಿಯಾಯಿತು.

ಅತ್ತಿಗೆಗೆ ಡಾಕ್ಟರು ಸಿ.ಟಿ. ಮಾಡಿಸಲಿಲ್ಲ. ಹೊಟ್ಟೆಯ ಪಕ್ಕದಿಂದ ಒಂದು ಸಾಧಾರಣ ಎಕ್ಸ್‌ರೇ ತೆಗೆಸಿದರು. ನಾಳದಲ್ಲಿ ಸುಣ್ಣವಿದೆಯೇ ಎಂದು ನೋಡಲು ಅದು ಸಾಕು ಎಂದು 2009ರ ಅಂತರರಾಷ್ಟ್ರೀಯ ಸೂಚನೆಗಳಲ್ಲೇ ಇದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ಬೆನ್ನೆಲುಬಿನ ಮುಂದೆ ರಂಗೋಲಿಯ ಎಳೆಯ ಹಾಗೆ ಒಂದು ಬಿಳಿಯ ಗೆರೆ ಕಂಡಿತು. ಅದು ಮಹಾಪಧಮನಿಯ ಗೋಡೆ. ಮನೆಗೆ ಬರುವಾಗ ಆಟೋದಲ್ಲಿ ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಒಳಗೆ ಕಲ್ಲಾಗ್ತಿದೆ ಅಂತ ಗೊತ್ತಾಯ್ತು. ಗೊತ್ತಾಗಿ ನಾನೇನು ಮಾಡ್ಲಿ ಹೇಳು? ತೆಗೆಯೋಕಾಗುತ್ತಾ?"

"ಇಲ್ಲ ಅತ್ತಿಗೆ."

"ಮತ್ತೆ ಈ ಪರೀಕ್ಷೆ ಯಾತಕ್ಕೆ?"

ಆಟೋದಲ್ಲಿ ಹೇಳಿ ಮುಗಿಸುವಂಥ ಉತ್ತರ ಅದಲ್ಲ. ಆ ಪ್ರಶ್ನೆಯ ಮುಂದೆ ವೈದ್ಯವಿಜ್ಞಾನವೂ ಹಲವು ಸಲ ತಲೆತಗ್ಗಿಸಿದೆ. ಮೊದಲು ರಂಜಕವನ್ನು ಹೊಟ್ಟೆಯಲ್ಲೇ ಹಿಡಿದುಹಾಕಲು ಅಲ್ಯೂಮಿನಿಯಂ ಮಾತ್ರೆ ಕೊಟ್ಟರು. ಡಯಾಲಿಸಿಸ್‌ಗೆ ಬಳಸುವ ನೀರಿನಲ್ಲೂ ಅಲ್ಯೂಮಿನಿಯಂ ಇರುತ್ತಿತ್ತು. ಕೆಲವು ರೋಗಿಗಳ ಮಾತು ತೊದಲಿತು, ಬುದ್ಧಿ ಕೆಟ್ಟಿತು. 1976ರಲ್ಲಿ ಡೆನ್ವರ್‌ನ ಆಲನ್ ಆಲ್‌ಫ್ರೆ ತಂಡದವರು ಸತ್ತವರ ಮಿದುಳಿನಲ್ಲಿ ಅಲ್ಯೂಮಿನಿಯಂ ಇದ್ದುದನ್ನು ತೋರಿಸಿದರು. ಎಂಬತ್ತರ ದಶಕದಲ್ಲಿ ಅದರ ಬದಲು ಕ್ಯಾಲ್ಸಿಯಂ ಮಾತ್ರೆಗಳು ಬಂದವು. ಆದರೆ ಗುಡ್‌ಮನ್ ಪರೀಕ್ಷಿಸಿದ ಯುವಜನರಲ್ಲಿ ಸುಣ್ಣ ಕಟ್ಟಿದ್ದವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ಕ್ಯಾಲ್ಸಿಯಂ ಅನ್ನು ಇದೇ ಮಾತ್ರೆಗಳಿಂದ ನುಂಗಿದ್ದರು! ನಂತರ ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ಬಂತು. ಸುಣ್ಣ ಕಟ್ಟುವುದು ನಿಧಾನವಾಗುತ್ತದೆ ಎಂದು 2002ರಲ್ಲಿ ಕಂಡಿತು. ಸಾವು ಕಡಿಮೆಯಾಗುತ್ತದೆಯೇ ಎಂದು 2,100 ರೋಗಿಗಳಲ್ಲಿ ನೋಡಿ 2007ರಲ್ಲಿ ಪ್ರಕಟಿಸಿದಾಗ, ಒಟ್ಟಾರೆ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೊಬ್ಬು ಇಳಿಸುವ ಮಾತ್ರೆಯ ಕಥೆಯೂ ಅಷ್ಟೆ. ಜರ್ಮನಿಯಲ್ಲಿ 1,255 ಸಕ್ಕರೆ ಕಾಯಿಲೆಯ ಡಯಾಲಿಸಿಸ್ ರೋಗಿಗಳಿಗೆ ಅದನ್ನು ಕೊಟ್ಟೂ ಕೊಡದೆಯೂ ನೋಡಿದರು. 2005ರ ಫಲಿತಾಂಶದಂತೆ ಕೊಬ್ಬು ಚೆನ್ನಾಗಿ ಇಳಿಯಿತು, ಹೃದಯದ ತೊಂದರೆ ಮಾತ್ರ ಗಣನೀಯವಾಗಿ ಇಳಿಯಲಿಲ್ಲ.

ಇದರಿಂದ ನಾನು ಕಲಿತದ್ದು ಇಷ್ಟು. ಗುರುತು ಬೇರೆ, ಕಾರಣ ಬೇರೆ. ಜ್ವರ ಅಳೆಯುವ ಕಡ್ಡಿಯನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುವುದಿಲ್ಲ. ಚೀಟಿಯ ಒಂದು ಅಂಕಿ ಕೆಟ್ಟಿದೆ ಎಂದರೆ ಎಚ್ಚರಿಕೆಯ ಗಂಟೆ ಬಾರಿಸಿದೆ ಎಂದು ಅರ್ಥ. ಗಂಟೆಯನ್ನು ಕಟ್ಟಿಹಾಕಿದರೆ ಕಳ್ಳ ಓಡಿಹೋಗುವುದಿಲ್ಲ. ಹಾಗೆಂದು ಗಂಟೆಯೇ ಬೇಡ ಎನ್ನಲಾದೀತೇ? ಯಾರ ಹೃದಯವನ್ನು ಹೆಚ್ಚು ಕಾಯಬೇಕು, ಯಾರಿಗೆ ಕ್ಯಾಲ್ಸಿಯಂ ಮಾತ್ರೆ ಕಡಿಮೆ ಮಾಡಬೇಕು ಎಂದು ವೈದ್ಯರಿಗೆ ತಿಳಿಯುವುದು ಅದರಿಂದಲೇ. ಕ್ಯಾಲ್ಸಿಯಂ ಬೆರೆತ ಮಾತ್ರೆಗಳಿಗೆ ಮಿತಿ ಇರಲಿ ಎಂದು 2017ರ ಸೂಚನೆಗಳು ಹೇಳಿದವು. ಅತ್ತಿಗೆಯ ಎಕ್ಸ್‌ರೇ ನೋಡಿದ ಮೇಲೆ ಡಾಕ್ಟರು ಬದಲಾಯಿಸಿದ್ದೂ ಅದನ್ನೇ.

ಇಷ್ಟಾದರೂ ಅವರ ರಂಜಕ ಏಳರ ಹತ್ತಿರವೇ ನಿಂತಿತ್ತು. ಪಥ್ಯ ಮಾಡುತ್ತಿದ್ದರು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನು ಹದಿನೈದು ದಿನ ಅಣ್ಣನ ಮನೆಯಲ್ಲಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮಗ ಅಮ್ಮನ ಕೈಗೆ ಮಾತ್ರೆ, ಒಂದು ಗುಟುಕು ನೀರು ಕೊಡುತ್ತಿದ್ದ. ಅತ್ತಿಗೆ ನುಂಗಿ, ಎಲ್ಲರಿಗೂ ಬಡಿಸಿ, ಸೊಸೆಯನ್ನೂ ಕೂರಿಸಿ, ಅಡುಗೆಮನೆ ಒರೆಸಿ, ತಾವು ತಟ್ಟೆ ಹಾಕಿಕೊಳ್ಳುವಾಗ ಎರಡೂವರೆ! ರಂಜಕ ಹಿಡಿಯುವ ಮಾತ್ರೆ ರಕ್ತಕ್ಕೆ ಹೋಗಿ ಕೆಲಸ ಮಾಡುವಂಥದಲ್ಲ. ಅದು ಊಟದ ಜೊತೆಗೇ ಹೊಟ್ಟೆಯಲ್ಲಿರಬೇಕು, ಅನ್ನ ಸಾರಿನಲ್ಲಿ ಬಂದ ರಂಜಕವನ್ನು ಅಲ್ಲೇ ಹಿಡಿದು ಮಲದಲ್ಲಿ ಸಾಗಿಸಬೇಕು. ಬರಿಹೊಟ್ಟೆಗೆ ಬಿದ್ದರೆ ಹಿಡಿಯಲು ಅಲ್ಲಿ ಏನಿದೆ? ಮೂರು ವರ್ಷ ದುಡ್ಡು ಕೊಟ್ಟು ತಂದ ಮಾತ್ರೆಯ ಮಧ್ಯಾಹ್ನದ ಪಾಲು ಹೀಗೆ ಹೋಗಿತ್ತು. ಯಾರ ತಪ್ಪು ಎನ್ನೋಣ? ಗಂಡಸರು ಮಕ್ಕಳು ಉಂಡ ಮೇಲೆ ಉಣ್ಣುವುದು ನಾಲ್ಕು ತಲೆಮಾರಿನಿಂದ ಬಂದ ನಡತೆ. ಚೀಟಿಯಲ್ಲಿ 'ಊಟದೊಂದಿಗೆ' ಎಂದು ಬರೆದಿತ್ತು. ಊಟ ಎಂದರೆ ಮನೆಯವರ ಊಟ ಎಂದು ಎಲ್ಲರೂ ತಿಳಿದಿದ್ದರು.

"ಅತ್ತಿಗೆ, ಈ ಮಾತ್ರೆ ಗಡಿಯಾರದ್ದಲ್ಲ, ತಟ್ಟೆಯದು. ನೀವು ಮೊದಲ ತುತ್ತು ಕಲಸಿದ ಮೇಲೆ ನುಂಗಿ" ಎಂದೆ. "ಹಾಗಂದ್ರೆ ಎಲ್ಲರ ಜೊತೆ ಕೂತ್ಕೋಬೇಕಾಗುತ್ತೆ" ಎಂದು ಅವರು ಸಂಕೋಚಪಟ್ಟರು. ಅಣ್ಣನೇ ಎದ್ದು ಇನ್ನೊಂದು ತಟ್ಟೆ ತಂದು ಪಕ್ಕದಲ್ಲಿ ಇಟ್ಟ. ಎರಡು ತಿಂಗಳ ನಂತರ ಅಂಕಿ ಆರರ ಕೆಳಗೆ ಬಂದಿತ್ತು. ಎಕ್ಸ್‌ರೇಯ ಬಿಳಿಗೆರೆ ಅಳಿಸಿಹೋಯಿತು ಎಂದು ನಾನು ಹೇಳುವುದಿಲ್ಲ, ಅದು ಅಲ್ಲೇ ಇದೆ.

ನಿಮ್ಮ ಮನೆಯಲ್ಲೂ ಇಂಥ ರೋಗಿಗಳಿದ್ದರೆ ಅವರವರ ಪಥ್ಯವನ್ನು ಅವರವರ ಡಾಕ್ಟರು, ಆಹಾರ ತಜ್ಞರು ಹೇಳಬೇಕು. ನಾನು ತಿಳಿದುಕೊಂಡದ್ದರಲ್ಲಿ ಒಂದೆರಡು ಮಾತು ಮಾತ್ರ ಹೇಳುತ್ತೇನೆ. ಹಾಲು, ಮೊಸರು, ಬೇಳೆ, ಕಡಲೆಕಾಯಿ, ಒಣಮೀನು ಇವುಗಳಲ್ಲಿ ರಂಜಕ ಇದೆ. ಆದರೆ ಕಾಳುಬೇಳೆಯ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ. ಬಾಟಲಿಯ ಕಪ್ಪು ಕೋಲಾಗಳಲ್ಲಿ, ಪ್ಯಾಕೆಟ್ಟಿನ ಎಷ್ಟೋ ತಿಂಡಿಗಳಲ್ಲಿ ಕೆಡದಿರಲೆಂದು, ರುಚಿಗೆಂದು ಬೆರೆಸುವ ಫಾಸ್ಫೇಟ್ ಬಹುಪಾಲು ನೇರವಾಗಿ ರಕ್ತಕ್ಕೆ ಸೇರುತ್ತದೆ. ಬೇಳೆಗೆ ಹೆದರಿ ಊಟವನ್ನೇ ಬಿಟ್ಟರೆ ಆಲ್ಬುಮಿನ್ ಇಳಿಯುತ್ತದೆ, ಅದೂ ಕೆಟ್ಟ ಗುರುತೇ. ಮದುವೆ, ಜಾತ್ರೆ, ಮೊಮ್ಮಗುವಿನ ನಾಮಕರಣ ಎಂದು ಒಂದು ಸರದಿ ಡಯಾಲಿಸಿಸ್ ತಪ್ಪಿಸುವುದು ಮನೆಯ ಹೆಂಗಸು ರೋಗಿಯಾದಾಗ ಬಲು ಸುಲಭವಾಗಿ ನಡೆದುಹೋಗುತ್ತದೆ. 168ರಲ್ಲಿ ಇರುವುದೇ 12. ಅದರಲ್ಲೂ ನಾಲ್ಕು ಕಳೆದರೆ ಏನು ಉಳಿಯಿತು?

ಕ್ಲೈಡ್ ಶೀಲ್ಡ್ಸ್ ಅವರ ವಿಚಾರ ಹೇಳಿದಾಗ ಅತ್ತಿಗೆ ಹೃದಯಾಘಾತದ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಹನ್ನೊಂದು ವರ್ಷವೇ? ಆಗಿನ ಕಾಲದ ಯಂತ್ರದಲ್ಲಿ?" ಎಂದು ಎರಡು ಸಲ ಕೇಳಿದರು. ಅವರಿಗೆ ಈಗ ನಾಲ್ಕನೆಯ ವರ್ಷ. ಮೊಮ್ಮಗಳು ಒಂದನೆಯ ತರಗತಿಗೆ ಸೇರಿದ್ದಾಳೆ, ಅವಳು ಎಸ್.ಎಸ್.ಎಲ್.ಸಿ. ಮುಗಿಸಲು ಎಷ್ಟು ವರ್ಷ ಬೇಕು ಎಂದು ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ ಮಾರನೆಯ ದಿನ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಹೊದಿಕೆ, ಚೀಟಿಗಳ ಕಡತ, ಮಾತ್ರೆಯ ಡಬ್ಬಿ ಇಟ್ಟುಕೊಂಡು, ಬೆಳಗಿನ ಆರು ಗಂಟೆಯ ಸರದಿಗೆ ಅಲಾರಂ ತಿರುಗಿಸಿ ಮಲಗಿದರು.